ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಸಲ ಗೋದಲಿ ಮಾಡುವುದು ಹೇಗೆ?

ಪ್ರಶ್ನೆ: ಮಾಲಾಡ್ ವಾಸಿ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಕಾರ್ಕಳದ ಕಡೆಯವರು. 11 ವರ್ಷಗಳಿಂದ ಮುಂಬಯಿಯ ಮಾಲಾಡ್ ಪಶ್ಚಿಮದಲ್ಲಿ, ಓರ್ಲೆಂ ಇಗರ್ಜಿಯಿಂದ ನಡೆದು ಹೋಗುವಷ್ಟು ದೂರದಲ್ಲಿ, ನಾಲ್ಕನೆಯ ಮಹಡಿಯ ಒಂದು ಬೆಡ್‌ರೂಮಿನ ಮನೆಯಲ್ಲಿದ್ದೇವೆ. ಮಗಳಿಗೆ ನಾಲ್ಕೂವರೆ ವರ್ಷ, ಮಗನಿಗೆ 14 ತಿಂಗಳು. ಮಗ ಈಗ ತಾನೇ ನಡೆಯಲು ಕಲಿತಿದ್ದು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ.

ಕಳೆದ ಕ್ರಿಸ್‌ಮಸ್‌ನಲ್ಲಿ ಮಗಳು ಕೊಂಬೆಯೊಂದನ್ನು ಹಿಡಿದೆಳೆದಾಗ ಐದಡಿಯ ಪ್ಲಾಸ್ಟಿಕ್ ಮರ ಅವಳ ಮೇಲೆಯೇ ಬಿತ್ತು. ಅವಳಿಗೆ ಪೆಟ್ಟಾಗಲಿಲ್ಲ, ಆದರೆ ಒಡೆದ ಗಾಜಿನ ಗುಂಡುಗಳನ್ನು ಎಷ್ಟು ಗುಡಿಸಿದರೂ ಎರಡು ದಿನಗಳ ಮೇಲೆ ಒಂದು ಚೂರು ನನ್ನ ಹೆಂಡತಿಯ ಅಂಗಾಲಿಗೆ ಹೊಕ್ಕಿತು. ಆದ್ದರಿಂದ ಈ ಸಲ ಕಿಟಕಿಗೆ ಒಂದು ನಕ್ಷತ್ರ ಕಟ್ಟಿದರೆ ಸಾಕು, ಮಿಕ್ಕಿದ್ದೆಲ್ಲ ಮಗ ಸ್ವಲ್ಪ ದೊಡ್ಡವನಾದ ಮೇಲೆ ಎಂದು ಅವಳು ಹೇಳುತ್ತಿದ್ದಾಳೆ. ಅವಳ ಭಯದಲ್ಲಿ ತಪ್ಪೇನೂ ಇಲ್ಲ.

ನನ್ನ ಮನಸ್ಸು ಒಪ್ಪದಿರುವುದಕ್ಕೆ ಕಾರಣವಿದೆ. ಅಮ್ಮ ಡಿಸೆಂಬರ್ ಮೊದಲ ವಾರದಲ್ಲಿ ಊರಿನಿಂದ ಬರುತ್ತಿದ್ದಾರೆ, ಬರುವಾಗ ಅಪ್ಪನ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯದ, ಗೊಂಬೆಗಳನ್ನು ತರುತ್ತಿದ್ದಾರೆ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅವರು ಪ್ರತಿ ವರ್ಷ ಮನೆಯ ಚಾವಡಿಯಲ್ಲಿ ಮಣ್ಣು, ಹುಲ್ಲು, ತೆಂಗಿನ ಗರಿ ಹಾಕಿ ಗೋದಲಿ ಕಟ್ಟುತ್ತಿದ್ದರು. ಬಾಲಯೇಸುವಿನ ಎಡಗೈಯ ಎರಡು ಬೆರಳುಗಳು ನಾನು ಐದು ವರ್ಷದವನಿದ್ದಾಗ ಬೀಳಿಸಿ ಮುರಿದಿದ್ದು ಇಂದಿಗೂ ಹಾಗೆಯೇ ಇವೆ. ಆ ಗೊಂಬೆಗಳನ್ನು ಪೆಟ್ಟಿಗೆಯಲ್ಲೇ ಇಡಿ ಎಂದು ಅಮ್ಮನಿಗೆ ಹೇಳಲು ನನ್ನಿಂದಾಗದು.

ಮರವನ್ನು ಬಿಟ್ಟರೂ ಗೋದಲಿ, ನಕ್ಷತ್ರ, ಸ್ವಲ್ಪ ದೀಪ ಇವುಗಳನ್ನು ಮಕ್ಕಳಿಗೆ ಅಪಾಯವಾಗದಂತೆ ಮಾಡಲು ಸಾಧ್ಯವೇ? ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಮೇಣದಬತ್ತಿ ಇಡುವ ಹಸಿರೆಲೆಯ ಚಕ್ರಕ್ಕೆ ಬೆಂಕಿಯ ಭಯವಿಲ್ಲದಿರಲೆಂದು ಬ್ಯಾಟರಿಯ ನಾಲ್ಕು ಪುಟ್ಟ ಮೇಣದಬತ್ತಿಗಳನ್ನು ಈಗಾಗಲೇ ಕೊಂಡು ತಂದಿದ್ದೇನೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ವಸಾಯಿಯ ಅಜ್ಜಿ

ಮಗಾ, ನಿಮ್ಮ ಪತ್ರ ಓದಿ ನನ್ನ ಯಜಮಾನರು ಕಟ್ಟುತ್ತಿದ್ದ ಗೋದಲಿ ನೆನಪಾಯಿತು. ನನ್ನ ನಾಲ್ಕು ಮಕ್ಕಳೂ ಐದು ಮೊಮ್ಮಕ್ಕಳೂ ಗೋದಲಿಯ ಮುಂದೆಯೇ ಆಡಿ ಬೆಳೆದವರು. ಗೋದಲಿ ಮನೆಯಲ್ಲಿರುವುದೇ ಮಕ್ಕಳಿಗಾಗಿ, ಹಾಗಾಗಿ ಅದರಲ್ಲಿ ಅವರು ಮುಟ್ಟಿ ಆಡುವ ಭಾಗವೊಂದು ಇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಡೀ ದಿನ "ಮುಟ್ಟಬೇಡ, ಮುಟ್ಟಬೇಡ" ಎಂದು ಗದರಿಸಿಕೊಂಡೇ ಹಬ್ಬ ಕಳೆದ ಮಗುವಿಗೆ ಬಾಲಯೇಸುವಿನ ಬದಲು ಆ ಗದರಿಕೆಯೇ ನೆನಪಿನಲ್ಲಿ ಉಳಿಯುತ್ತದೆ.

ನಿಮ್ಮ ತಂದೆಯವರ ಗೊಂಬೆಗಳನ್ನು ಎತ್ತರದಲ್ಲಿಡಿ. ಟಿವಿಯ ಮೇಲಿನ ಹಲಗೆಯಾಗಲಿ ಶೋಕೇಸಿನ ಮೇಲ್ಭಾಗವಾಗಲಿ ಐದಡಿಗಿಂತ ಮೇಲಿದ್ದರೆ ಸಾಕು, ಆದರೆ ಅದರ ಕೆಳಗೆ ಸೋಫಾ, ಸ್ಟೂಲು ಇರಬಾರದು, ಹಾಸಿದ ಬಟ್ಟೆಯ ಅಂಚು ಕೆಳಕ್ಕೆ ಜೋತು ಬೀಳಬಾರದು. ನೆಲದ ಮೇಲೆ ಮಕ್ಕಳಿಗೆಂದೇ ಇನ್ನೊಂದು ಗೋದಲಿ ಮಾಡಿಕೊಡಿ. ಬೂಟಿನ ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿದರೆ ಕೊಟ್ಟಿಗೆಯಾಯಿತು. ಹಳೆಯ ಬಿಳಿ ಕಾಲುಚೀಲದೊಳಗೆ ಬಟ್ಟೆಯ ಚೂರು ತುಂಬಿ, ಬಾಯಿ ಹೊಲಿದು, ಕಪ್ಪು ನೂಲಿನಿಂದಲೇ ಕಣ್ಣು ಕಸೂತಿ ಮಾಡಿದರೆ ಕುರಿಯಾಗುತ್ತದೆ. ಕಣ್ಣಿಗೆ ಗುಂಡಿ ಹೊಲಿಯಬೇಡಿ, ಹಲ್ಲು ಬರುವ ಮಗು ಅದನ್ನು ಕಚ್ಚಿ ಕೀಳುತ್ತದೆ. ಚಿಕ್ಕವನು ಆ ಕುರಿಯನ್ನು ಬಾಯಿಗೆ ಹಾಕಿಕೊಂಡರೂ ಒಗೆದು ಒಣಗಿಸಿದರೆ ಮುಗಿಯಿತು.

1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿ ಸಿದ್ಧಪಡಿಸಿದಾಗ ಅಲ್ಲಿಗೆ ತರಿಸಿದ್ದು ಮೇವಿನ ತೊಟ್ಟಿ, ಒಣಹುಲ್ಲು, ಒಂದು ಎತ್ತು ಮತ್ತು ಒಂದು ಕತ್ತೆ. ಹಾಗಾಗಿ ನಿಮ್ಮ ಮಗಳು ತನ್ನ ರಟ್ಟಿನ ಕೊಟ್ಟಿಗೆಯಲ್ಲಿ ಒಂದು ಹಿಡಿ ಹುಲ್ಲನ್ನೂ ಬಟ್ಟೆಯ ಎತ್ತನ್ನೂ ಇಟ್ಟರೆ ಅದನ್ನು ಅರೆಬರೆ ಗೋದಲಿ ಎಂದು ಯಾರೂ ಹೇಳುವಂತಿಲ್ಲ.

ಇನ್ನು ಗೋದಲಿಗೆಂದು ಬೆಳೆಸುವ ಪುಟ್ಟ ಗದ್ದೆಯ ವಿಷಯ. ಇದನ್ನು ಮಾತ್ರ ಬಿಡಲೇಬೇಡಿ. ಊರಿನಲ್ಲಿ ನಾವು ಭತ್ತ ಬಿತ್ತುತ್ತಿದ್ದೆವು, ಮುಂಬಯಿಯಲ್ಲಿ ರಾಗಿ ಸುಲಭ. ಕಿರಾಣಿ ಅಂಗಡಿಯಲ್ಲಿ ನಾಚಣಿ ಎಂದು ಕೇಳಿ, ಹಿಟ್ಟನ್ನು ಕೊಡದೆ ಇಡೀ ಕಾಳನ್ನೇ ಕೊಡುವಂತೆ ಹೇಳಿ, ಒಂದು ಹಿಡಿ ಸಾಕು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಒಂದು ದಿನ ಇಟ್ಟರೆ ಸೂಜಿಮೊನೆಯಷ್ಟು ಬಿಳಿ ಮೊಳಕೆ ಕಾಣಿಸುತ್ತದೆ. ಹಳೆಯ ಸ್ಟೀಲ್ ತಟ್ಟೆಯಲ್ಲಿ ಬೆರಳ ದಪ್ಪ ಮಣ್ಣು ಹರಡಿ, ಮಣ್ಣು ಕಾಣದಷ್ಟು ಒತ್ತಾಗಿ ಕಾಳನ್ನು ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಎರಡು ದಿನ ಒದ್ದೆ ಕಾಗದ ಮುಚ್ಚಿಡಿ. ಕಾಗದ ತೆಗೆದಾಗ ಹಳದಿ ಬಣ್ಣವಿರುತ್ತದೆ, ಬೆಳಕು ಬಿದ್ದ ಮರುದಿನವೇ ಹಸಿರಾಗುತ್ತದೆ. ನೀರು ಸುರಿದರೆ ಕಾಳೆಲ್ಲ ಒಂದು ಬದಿಗೆ ಜಾರಿ ರಾಶಿಯಾಗುವುದರಿಂದ ಚಮಚದಲ್ಲೇ ಚಿಮುಕಿಸಬೇಕು. ಆ ಕೆಲಸವನ್ನು ಬೆಳಿಗ್ಗೆ ಸಂಜೆ ಮಗಳಿಗೆ ವಹಿಸಿ. 24ರ ರಾತ್ರಿಗೆ ಎರಡು ವಾರ ಮೊದಲು ಬಿತ್ತಿದರೆ ಹಬ್ಬಕ್ಕೆ ಸರಿಯಾದ ಪೈರು ಸಿಗುತ್ತದೆ.

ಬಾಲಯೇಸುವನ್ನು 24ರ ರಾತ್ರಿಯ ಬಲಿಪೂಜೆ ಮುಗಿಸಿ ಬರುವವರೆಗೆ ಕರವಸ್ತ್ರದಲ್ಲಿ ಸುತ್ತಿ ಕಪಾಟಿನಲ್ಲಿಡಿ. ಬಾಲಯೇಸುವನ್ನು ನೋಡಲು ಬರುವ ಮೂವರು ರಾಯರನ್ನು ಹಲಗೆಯ ಇನ್ನೊಂದು ತುದಿಯಲ್ಲಿ ನಿಲ್ಲಿಸಿ, ದಿನವೂ ಮಗಳನ್ನು ಎತ್ತಿಕೊಂಡು ಅವಳ ಕೈಯಿಂದಲೇ ನಾಲ್ಕು ಬೆರಳಷ್ಟು ಮುಂದಕ್ಕೆ ಸರಿಸಿದರೆ ಜನವರಿ 6ಕ್ಕೆ ಅವರು ಕೊಟ್ಟಿಗೆಯನ್ನು ತಲುಪುತ್ತಾರೆ. ತಂದೆಯವರ ಗೊಂಬೆಗಳನ್ನು ಅವಳು ಮುಟ್ಟಿದ ಹಾಗೂ ಆಗುತ್ತದೆ, ನಿಮ್ಮ ಕೈ ಜೊತೆಯಲ್ಲಿದ್ದ ಹಾಗೂ ಆಗುತ್ತದೆ.

ಉತ್ತರ: ಮಡಗಾಂವ್ ನರ್ಸ್

ಸಹೋದರರೇ, ನಾನು ಗೋವಾದ ಮಡಗಾಂವ್‌ನಲ್ಲಿ ಮಕ್ಕಳ ವಾರ್ಡಿನ ನರ್ಸ್. ಅಜ್ಜಿಯವರು ಹೇಳಿದ್ದೆಲ್ಲ ಸರಿಯಾಗಿದೆ. ಆದರೆ ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿ ನಾನು ಕೆಲಸ ಬಿಟ್ಟು ಇದನ್ನು ಬರೆಯಲು ಕುಳಿತೆ. ಬೆಂಕಿಗಿಂತ ಸುರಕ್ಷಿತವೆಂದು ನೀವು ತಂದಿರುವ ಆ ಬ್ಯಾಟರಿ ಮೇಣದಬತ್ತಿಗಳನ್ನು ಈಗಲೇ ತಿರುಗಿಸಿ ನೋಡಿ. ಅವುಗಳ ಬುಡದಲ್ಲಿ ಸಾಮಾನ್ಯವಾಗಿ ನಾಣ್ಯದಂತಹ ಚಪ್ಪಟೆ ಲಿಥಿಯಂ ಬ್ಯಾಟರಿ ಇರುತ್ತದೆ. ಹೆಚ್ಚು ಬಳಕೆಯಲ್ಲಿರುವ ಸಿಆರ್ 2032 ಎಂಬುದು 20 ಮಿಲಿಮೀಟರ್ ಅಗಲವಿದ್ದು, ಪುಟ್ಟ ಮಗು ನುಂಗಿದರೆ ಅನ್ನನಾಳದಲ್ಲೇ ಸಿಕ್ಕಿಕೊಳ್ಳಬಹುದು. ಒಳಗಿನ ತೇವ ತಾಗಿದ ಕೂಡಲೇ ವಿದ್ಯುತ್ ಹರಿದು, ಅಲ್ಲಿ ಕ್ಷಾರ ಉಂಟಾಗಿ, ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಆಳವಾಗಿ ಸುಡಬಲ್ಲದು. ಬ್ಯಾಟರಿ ಸೋರಬೇಕೆಂದೇನೂ ಇಲ್ಲ, ದೀಪ ಉರಿಸಲಾಗದಷ್ಟು ಹಳೆಯದಾದ ಬ್ಯಾಟರಿಯೂ ಇಷ್ಟು ಹಾನಿ ಮಾಡಬಹುದು.

ಮುಚ್ಚಳಕ್ಕೆ ಸ್ಕ್ರೂ ಇಲ್ಲದ, ಉಗುರಿನಿಂದ ತೆರೆಯಬಹುದಾದ ಯಾವ ವಸ್ತುವನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಹಾಡುವ ಶುಭಾಶಯ ಪತ್ರ, ಬಣ್ಣದ ದೀಪದ ರಿಮೋಟ್, ಮಿನುಗುವ ಸಾಂತಾ ಟೋಪಿ ಇವುಗಳಲ್ಲಿಯೂ ಇಂಥದೇ ಬ್ಯಾಟರಿಗಳಿರುತ್ತವೆ. ಮಗು ನುಂಗಿದೆ ಎಂಬ ಸಂಶಯ ಬಂದರೂ ಸಾಕು, ಕೆಮ್ಮಾಗಲಿ ಜೊಲ್ಲಾಗಲಿ ಬರುವುದನ್ನು ಕಾಯದೆ ಎಕ್ಸ್-ರೇ ಇರುವ ಆಸ್ಪತ್ರೆಗೆ ಓಡಬೇಕು, ವಾಂತಿ ಮಾಡಿಸಲು ಹೋಗಬಾರದು. ಒಂದು ವರ್ಷ ತುಂಬಿದ ಮಗು 12 ಗಂಟೆಯೊಳಗೆ ನುಂಗಿದ್ದು, ಜೇನುತುಪ್ಪ ಕೈಗೆ ಸಿಗುವಂತಿದ್ದು, ಮಗುವಿಗೆ ನುಂಗಲು ಆಗುತ್ತಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚದಂತೆ, ಹೆಚ್ಚೆಂದರೆ ಆರು ಸಲ ಕೊಡಬಹುದು. ಅದು ಸುಡುವ ವೇಗವನ್ನು ತಗ್ಗಿಸುತ್ತದೆಯೇ ಹೊರತು ಚಿಕಿತ್ಸೆಯಲ್ಲ, ಜೇನು ಹುಡುಕುತ್ತಾ ಹೊರಡುವುದನ್ನು ತಡಮಾಡಬಾರದು. ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು.

ಗೋದಲಿಯ ಹಿಮಕ್ಕೆಂದು ಥರ್ಮೋಕೋಲ್ ಪುಡಿ ಮಾಡುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಅಲಂಕಾರದ ಥರ್ಮೋಕೋಲನ್ನು 2018ರಲ್ಲಿಯೇ ನಿಷೇಧಿಸಲಾಗಿದೆ. ಅದಲ್ಲದೆ ಅದರ ಗುಳಿಗೆ ಮಗುವಿನ ಶ್ವಾಸನಾಳಕ್ಕೆ ಹೋದರೆ ಎಕ್ಸ್-ರೇಯಲ್ಲೂ ಕಾಣುವುದಿಲ್ಲ. ಸುಣ್ಣ ಬಳಿದ ಹಾಗೆ ಬಿಳಿ ಬಟ್ಟೆ ಹಾಸಿದರೆ ಸಾಲದೇ? ಈ ತಿಂಗಳು ನರ್ಸರಿಗಳಲ್ಲಿ ಸಿಗುವ ಕೆಂಪೆಲೆಯ ಪಾಯಿನ್‌ಸೆಟಿಯಾ ಗಿಡವನ್ನು ಜನ ಹೆದರುವಷ್ಟು ವಿಷವೆಂದು ಭಾವಿಸಬೇಕಾಗಿಲ್ಲ, ಆದರೂ ಅದರ ಹಾಲು ಚರ್ಮಕ್ಕೂ ಬಾಯಿಗೂ ಉರಿ ತರುವುದರಿಂದ ಮೇಲಿಡಿ.

ಉತ್ತರ: ಪಿಂಪ್ರಿ ಎಲೆಕ್ಟ್ರಿಷಿಯನ್

ನಾನು ಪುಣೆಯ ಪಿಂಪ್ರಿಯಲ್ಲಿ 20 ವರ್ಷಗಳಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ, ಊರು ಗದಗ. ದೀಪಾವಳಿಗೂ ಕ್ರಿಸ್‌ಮಸ್‌ಗೂ ಜನ ತರುವ ಸೀರಿಯಲ್ ಸೆಟ್ಟಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬಲ್ಬುಗಳು ಸಾಸಿವೆಯಷ್ಟು ಚಿಕ್ಕವು, ಅದರಲ್ಲಿ ಕರೆಂಟು ಎಷ್ಟಿದ್ದೀತು ಎಂದು ಎಲ್ಲರೂ ಕೇಳುತ್ತಾರೆ. ನೇರವಾಗಿ ಪ್ಲಗ್ಗಿಗೆ ಹಾಕುವ ಸರದಲ್ಲಿ 230 ವೋಲ್ಟ್ ಬಲ್ಬುಗಳ ನಡುವೆ ಹಂಚಿಹೋಗಿರುತ್ತದೆ, ನಿಜ. ಆದರೆ ತಂತಿ ಒಂದು ಕಡೆ ತುಂಡಾದರೆ ಆ ಬೆತ್ತಲೆ ತುದಿಯಲ್ಲಿ ಪೂರ್ತಿ 230 ವೋಲ್ಟ್ ಇರಬಹುದು, ಮಗು ಕಚ್ಚುವುದು ಅಂತಹ ಸಡಿಲ ತುದಿಯನ್ನೇ. ಮಕ್ಕಳ ಎತ್ತರದಲ್ಲಿ ದೀಪ ಬೇಕೇಬೇಕಿದ್ದರೆ ಒಳ್ಳೆಯ ಚಾರ್ಜರಿನಿಂದ ಉರಿಯುವ 5 ವೋಲ್ಟಿನ ಯುಎಸ್‌ಬಿ ಎಲ್‌ಇಡಿ ಸರವನ್ನೇ ತನ್ನಿ, ಚಾರ್ಜರ್ ಇರುವ ಪ್ಲಗ್ ಪಾಯಿಂಟ್ ಮಾತ್ರ ಎತ್ತರದಲ್ಲಿರಲಿ. ಸರ ಕುತ್ತಿಗೆಗೆ ಸುತ್ತಿಕೊಳ್ಳದಂತೆ ಗೋಡೆಗೆ ಬಿಗಿಯಾಗಿ ಅಂಟಿಸಿ.

ನಕ್ಷತ್ರದೊಳಗೆ ಹಳೆಯ 60 ವಾಟಿನ ಬಲ್ಬ್ ಹಾಕಿದರೆ ಅದು ಬೆಳಕಿಗಿಂತ ಹೆಚ್ಚಾಗಿ ಶಾಖವನ್ನೇ ಕೊಡುತ್ತದೆ. ಗಾಳಿಗೆ ಬಣ್ಣದ ಕಾಗದ ಬಲ್ಬಿಗೆ ಒರಗಿದರೆ ಕರಕಲಾಗಲು ಹೆಚ್ಚು ಹೊತ್ತು ಬೇಡ. 5 ವಾಟಿನ ಎಲ್‌ಇಡಿ ಸಾಕು. ಕಿಟಕಿಯ ಗ್ರಿಲ್ಲಿಗೆ ನಕ್ಷತ್ರ ಕಟ್ಟಿದ ಮೇಲೆ, ಹತ್ತಲು ಬಳಸಿದ ಸ್ಟೂಲನ್ನು ಅಲ್ಲಿಂದ ತೆಗೆಯಲು ದಯವಿಟ್ಟು ಮರೆಯಬೇಡಿ, ನಿಮ್ಮದು ನಾಲ್ಕನೆಯ ಮಹಡಿ.

ಇನ್ನೊಂದು ಮಾತು. ಕರೆಂಟು ಮಿತಿಮೀರಿದಾಗ ತಾನಾಗಿ ಬೀಳುವ ಸ್ವಿಚ್ಚು, ಅಂದರೆ ಎಂಸಿಬಿ, ಇದೆ ಎಂಬ ಧೈರ್ಯದಲ್ಲಿ ಇರಬೇಡಿ, ಅದು ವೈರಿಂಗನ್ನು ಕಾಪಾಡುತ್ತದೆ, ಮನುಷ್ಯನಿಗೆ ಶಾಕ್ ತಗಲಿದಾಗ ಬೀಳುವುದಿಲ್ಲ. ಅದಕ್ಕೆ ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ನಿಮ್ಮ ಬೋರ್ಡಿನಲ್ಲಿ ಅದು ಇದ್ದರೆ ಟೆಸ್ಟ್ ಗುಂಡಿ ಒತ್ತಿ ನೋಡಿ, ಇಲ್ಲದಿದ್ದರೆ ಹಬ್ಬದ ಖರ್ಚಿನಲ್ಲಿ ಮೊದಲು ಅದನ್ನೇ ಹಾಕಿಸಿಕೊಳ್ಳಿ.

ಉತ್ತರ: ವಾಸ್ಕೊದಿಂದ

ಮರ ಬೇಕೆನಿಸಿದರೆ ನಿಲ್ಲಿಸುವ ಅಗತ್ಯವೇ ಇಲ್ಲ. ನಾವು ಗಾಳಿಮರದ ಮೂರಡಿಯ ಕೊಂಬೆಯೊಂದನ್ನು ಗೋಡೆಯ ಮೊಳೆಗೆ ಕಟ್ಟಿ, ಮಕ್ಕಳು ಬಣ್ಣ ಹಚ್ಚಿದ ರಟ್ಟಿನ ಗಂಟೆಗಳನ್ನು ಅದಕ್ಕೆ ತೂಗಿಸುತ್ತೇವೆ. ಬೀಳುವ ಭಯವಿಲ್ಲ, ಒಡೆಯುವಂಥದ್ದೂ ಇಲ್ಲ. ಒಣಗಿದ ಕೂಡಲೇ ತೆಗೆಯಬೇಕು, ಅದರ ಹತ್ತಿರ ದೀಪ ಹಚ್ಚಬಾರದು.

ಪ್ರಶ್ನೆ ಕೇಳಿದವರ ಮರುಮಾತು: ಮಾಲಾಡ್ ವಾಸಿ

ಇಂದು ಡಿಸೆಂಬರ್ 19. ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನರ್ಸ್ ಅಕ್ಕ, ನಿಮ್ಮ ಮಾತು ಓದಿದ ರಾತ್ರಿಯೇ ನಾಲ್ಕು ಮೇಣದಬತ್ತಿಗಳನ್ನು ತಿರುಗಿಸಿ ನೋಡಿದೆವು. ಒಂದಕ್ಕೂ ಸ್ಕ್ರೂ ಇರಲಿಲ್ಲ. ಒಂದರ ಮುಚ್ಚಳವಂತೂ ಮೇಜಿನ ಮೇಲೆ ಇಟ್ಟ ಏಟಿಗೇ ಬಿಚ್ಚಿಕೊಂಡು ಬ್ಯಾಟರಿ ಉರುಳಿತು. ಅದನ್ನು ನೋಡಿ ನನ್ನ ಹೆಂಡತಿ ಬಹಳ ಹೊತ್ತು ಮಾತನಾಡಲಿಲ್ಲ. ಈಗ ಮೂರು ನೇರಳೆ, ಒಂದು ಗುಲಾಬಿ ಬಣ್ಣದ ನಿಜವಾದ ಮೇಣದಬತ್ತಿಗಳನ್ನೇ ಎತ್ತರದ ಹಲಗೆಯಲ್ಲಿಟ್ಟು, ಅಮ್ಮ ಜಪಸರ ಹೇಳುವಷ್ಟು ಹೊತ್ತು ಮಾತ್ರ ಹಚ್ಚಿ, ಆಮೆನ್ ಎಂದ ಕೂಡಲೇ ನಂದಿಸುತ್ತೇವೆ. ನಮ್ಮ ಬೋರ್ಡಿನಲ್ಲಿ ಆರ್‌ಸಿಸಿಬಿ ಇರಲಿಲ್ಲ, ಕಳೆದ ಶನಿವಾರ ಹಾಕಿಸಿದೆವು.

ಅಮ್ಮ ಗೊಂಬೆಗಳನ್ನು ತಮ್ಮ ಹಳೆಯ ಸೀರೆಯಲ್ಲಿ ಒಂದೊಂದನ್ನೇ ಸುತ್ತಿ ತಂದರು. ಅವು ಟಿವಿಯ ಮೇಲಿನ ಹಲಗೆಯಲ್ಲಿವೆ, ರಾಯರು ಅರ್ಧ ದಾರಿಯಲ್ಲಿದ್ದಾರೆ. ಕಾಲುಚೀಲದ ಕುರಿಗಳನ್ನು ಹೊಲಿದದ್ದು ನನ್ನ ಹೆಂಡತಿ. ಒಂದು ಸಾಕೆಂದು ಆರಂಭಿಸಿದವಳು ಐದು ಹೊಲಿದಳು.

ರಾಗಿಯನ್ನು 10ರಂದು ಬಿತ್ತಿದೆವು. ಮಗಳು ಚಮಚ ಹಿಡಿದು ದಿನಕ್ಕೆ ಎರಡು ಸಲ ನೀರು ಚಿಮುಕಿಸುತ್ತಿದ್ದಳು. ನಿನ್ನೆ ಮಧ್ಯಾಹ್ನ ತಟ್ಟೆಯನ್ನು ಬಿಸಿಲಿಗೆಂದು ನೆಲದ ಮೇಲಿಟ್ಟಿದ್ದಾಗ ಮಗ ಬಂದು ಒಂದು ಮೂಲೆಯ ಪೈರನ್ನು ಬೇರು ಸಹಿತ ಕಿತ್ತು ಬಾಯಿಗೆ ತುಂಬಿಕೊಂಡ. ಬಾಯಿಯನ್ನು ಬೆರಳು ಹಾಕಿ ಒರೆಸಿ ತೆಗೆದೆವು, ಅವನಿಗೇನೂ ಆಗಲಿಲ್ಲ, ಆದರೆ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ನಿನ್ನೆ ರಾತ್ರಿಯೇ ಮತ್ತೊಂದು ಚಿಟಿಕೆ ಕಾಳು ನೆನೆಹಾಕಿದ್ದಾರೆ. ಹಬ್ಬದ ಹೊತ್ತಿಗೆ ಆ ಮೂಲೆಯ ಪೈರು ಉಳಿದದ್ದಕ್ಕಿಂತ ಗಿಡ್ಡವಾಗಿರುತ್ತದೆ. ಕುರಿಗಳು ಮೇಯ್ದ ಜಾಗ ಅದೇ ಎಂದೂ, ಐದು ಕುರಿಗಳನ್ನೂ ಅದರ ಪಕ್ಕದಲ್ಲೇ ನಿಲ್ಲಿಸಬೇಕೆಂದೂ ಮಗಳು ಇಂದು ಬೆಳಿಗ್ಗೆ ತೀರ್ಮಾನಿಸಿದ್ದಾಳೆ.