“ಯೇಸುವೇ ಕರ್ತನು” ಎಂದರೆ ದಿನದಿನದ ಬದುಕಿನಲ್ಲಿ ಏನರ್ಥ?

ಹೊಸಚಿಗುರು ಕೇಳಿದ ಪ್ರಶ್ನೆ:

ನಮ್ಮ ಬೈಬಲ್ ಅಧ್ಯಯನದಲ್ಲಿ ಎರಡು ಮಾತು ಬಂದವು. “ಯೇಸುವನ್ನು ರಕ್ಷಕನೆಂದು ನಂಬಿದರೆ ಸಾಕು, ಕರ್ತನೆಂದು ಒಪ್ಪುವುದು ವಿಶ್ವಾಸದಲ್ಲಿ ಬೆಳೆದ ಮೇಲೆ” ಎಂದು ಕೆಲವರು. “ಬದುಕನ್ನು ಪೂರ್ತಿ ಒಪ್ಪಿಸದವನಿಗೆ ರಕ್ಷಣೆಯೇ ಇಲ್ಲ” ಎಂದು ಇನ್ನು ಕೆಲವರು. ಮೊದಲನೆಯದು ತೀರಾ ಸಡಿಲ ಅನ್ನಿಸುತ್ತದೆ, ಎರಡನೆಯದನ್ನು ಕೇಳಿದರೆ ಧೈರ್ಯವೇ ಉಡುಗುತ್ತದೆ. ಯಾವುದು ಸರಿ? ಹಾಗೆಯೇ, ವಾಕ್ಯದಲ್ಲಿ ನೇರ ಆಜ್ಞೆ ಇಲ್ಲದ ವಿಷಯದಲ್ಲಿ, ಉದಾಹರಣೆಗೆ ಇರುವ ಕೆಲಸ ಬಿಡಬೇಕೋ ಬೇಡವೋ ಎನ್ನುವಾಗ, ಇದನ್ನು ಅನ್ವಯಿಸುವುದು ಹೇಗೆ?

ಒರೆಗಲ್ಲು:

ರಕ್ಷಕ ಒಂದು ಮೆಟ್ಟಿಲು, ಕರ್ತ ಇನ್ನೊಂದು ಮೆಟ್ಟಿಲು ಎಂದು ಬಿಡಿಸಲು ಹೊಸ ಒಡಂಬಡಿಕೆಯಲ್ಲಿ ಆಸ್ಪದವಿಲ್ಲ. ರೋಮಾಪುರದವರಿಗೆ 10:9 ನೋಡಿ. ಯೇಸುವನ್ನು ಕರ್ತನೆಂದು ಬಾಯಿಂದ ಅರಿಕೆ ಮಾಡುವುದು, ದೇವರು ಆತನನ್ನು ಸತ್ತವರೊಳಗಿಂದ ಎಬ್ಬಿಸಿದನೆಂದು ಹೃದಯದಿಂದ ನಂಬುವುದು, ಇವೆರಡೂ ಅಲ್ಲಿ ಜೊತೆಯಾಗಿಯೇ ಇವೆ.

ಆದರೆ “ಯೇಸುವನ್ನು ನಿನ್ನ ಕರ್ತನನ್ನಾಗಿ ಮಾಡಿಕೋ” ಎಂಬ ರೂಢಿಯ ಕರೆಯಲ್ಲೂ ತೊಡಕಿದೆ. ನಾವು ಮಾಡುವುದಕ್ಕೆ ಏನೂ ಉಳಿದಿಲ್ಲ. ದೇವರೇ ಆತನನ್ನು ಕರ್ತನನ್ನಾಗಿಯೂ ಕ್ರಿಸ್ತನನ್ನಾಗಿಯೂ ಮಾಡಿದ್ದಾನೆ ಎನ್ನುತ್ತಾನೆ ಪೇತ್ರ (ಅಪೊಸ್ತಲರ ಕೃತ್ಯಗಳು 2:36). ಅದಕ್ಕೆ ಮೊದಲು ಆತನು ಕರ್ತನಾಗಿರಲಿಲ್ಲ ಎಂದು ಇದನ್ನು ಓದಬಾರದು, ಏಕೆಂದರೆ ಹುಟ್ಟಿದ ದಿನವೇ ದೂತನು ಆತನನ್ನು ಕರ್ತನೆಂದು ಸಾರಿದ್ದಾನೆ (ಲೂಕ 2:11). ಶಿಲುಬೆಗೆ ಏರಿಸಲ್ಪಟ್ಟವನನ್ನೇ ಸಿಂಹಾಸನಕ್ಕೆ ಏರಿಸಿದ್ದು ಪೇತ್ರನ ಮಾತಿನ ತಿರುಳು. ಫಿಲಿಪ್ಪಿಯವರಿಗೆ 2:10–11 ಇನ್ನೂ ಆಳಕ್ಕೆ ಹೋಗುತ್ತದೆ. ಎಲ್ಲರೂ ಮೊಣಕಾಲೂರುವರು, ಎಲ್ಲ ನಾಲಿಗೆಯೂ ಒಪ್ಪಿಕೊಳ್ಳುವುದು ಎಂಬುದು ಯೆಶಾಯ 45:23ರಲ್ಲಿ ದೇವರು ತನ್ನ ಕುರಿತೇ ಆಣೆಯಿಟ್ಟು ಹೇಳಿದ್ದು. ಅದೇ ಅಧ್ಯಾಯ ತನ್ನ ಹೊರತು ಬೇರೆ ದೇವರಿಲ್ಲ ಎಂದು ಮತ್ತೆ ಮತ್ತೆ ಸಾರುತ್ತದೆ. ಆ ಮಾತನ್ನು ಪೌಲ ಯೇಸುವಿಗೆ ಕೊಟ್ಟಿದ್ದಾನೆ! ಯೇಸುವನ್ನು ಒಳ್ಳೆಯ ಗುರು ಎಂಬಲ್ಲಿಗೇ ನಿಲ್ಲಿಸುವವರು ಈ ಭಾಗವನ್ನು ದಾಟಿಹೋಗಲಾರರು.

ಎರಡನೆಯವರು ಎಡವಿದ್ದು “ಪೂರ್ತಿ” ಎಂಬಲ್ಲಿ. ಎಷ್ಟು ಒಪ್ಪಿಸಿದರೆ ಪೂರ್ತಿ? ಆ ಲೆಕ್ಕಕ್ಕೆ ಇಳಿದ ಕೂಡಲೇ ನಮ್ಮ ನಂಬಿಕೆ ಕ್ರಿಸ್ತನನ್ನು ಬಿಟ್ಟು ನಮ್ಮ ಸಮರ್ಪಣೆಗೇ ಆತುಕೊಳ್ಳುತ್ತದೆ. ಪ್ರೊಟೆಸ್ಟಂಟ್ ಸಭೆಗಳ ವಿಶ್ವಾಸಬೋಧೆಯಾದ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ 34ನೆಯ ಪ್ರಶ್ನೆ, ಆತನನ್ನು ನಮ್ಮ ಕರ್ತನೆಂದು ಕರೆಯುವುದೇಕೆ ಎಂದು. ಬೆಳ್ಳಿಬಂಗಾರದಿಂದಲ್ಲ, ತನ್ನ ರಕ್ತದಿಂದ ನಮ್ಮನ್ನು ಬಿಡಿಸಿ ತನ್ನವರನ್ನಾಗಿ ಮಾಡಿಕೊಂಡದ್ದರಿಂದ ಎಂಬುದು ಉತ್ತರ. ನಾವು ಆತನವರಾದದ್ದು ಮೊದಲು, ವಿಧೇಯತೆ ಅದರ ಫಲ. ಫಲವೇ ಬೇಡ ಎನ್ನುವವರು ಮತ್ತಾಯ 7:21–23 ಓದಲಿ. “ಕರ್ತನೇ, ಕರ್ತನೇ” ಎಂದು ಕರೆದು ಆತನ ಹೆಸರಿನಲ್ಲಿ ಮಹತ್ಕಾರ್ಯ ಮಾಡಿದವರನ್ನೂ ಅಲ್ಲಿ ಹೊರಗೆ ಕಳಿಸಲಾಗಿದೆ.

ಸಾಲುದೀಪ:

ಎರಡನೆಯ ಪ್ರಶ್ನೆಗೆ ರೋಮಾಪುರದವರಿಗೆ 14ನೇ ಅಧ್ಯಾಯ ಹಿಡಿಯಿರಿ. ಬದುಕಿದರೂ ಸತ್ತರೂ ನಾವು ಕರ್ತನವರೇ ಎಂಬ 8ನೇ ವಚನ ಬರುವುದು ಊಟ, ದಿನಾಚರಣೆಗಳ ಜಗಳದ ನಡುವೆ. ಅಂದರೆ ಆಜ್ಞೆ ಇಲ್ಲದ ಜಾಗಕ್ಕೇ ಬರೆದದ್ದು.

ಮೊದಲು, ಆ ಕೆಲಸ ಸುಳ್ಳು ಲೆಕ್ಕ, ಮೋಸ, ಅನ್ಯಾಯವನ್ನು ಬೇಡುತ್ತದೆಯೇ ನೋಡಿ. ಬೇಡಿದರೆ ಆ ಪಾಪಕ್ಕೆ ಕೈ ಹಾಕಬಾರದು, ಅದರಲ್ಲಿ ಚರ್ಚೆಯಿಲ್ಲ. ಇಲ್ಲವಾದರೆ ನಿಮ್ಮನ್ನು ನಂಬಿಕೊಂಡವರ ಪಾಡೇನು (1 ತಿಮೊಥೆ 5:8), ತೀರಿಸಬೇಕಾದ ಸಾಲವೆಷ್ಟು, ಕೊಟ್ಟ ಮಾತು ಯಾವುದು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ರೋಮಾಪುರದವರಿಗೆ 14ರ 6ನೇ ವಚನದ ಪರೀಕ್ಷೆ: ಈ ಆಯ್ಕೆಗಾಗಿ ದೇವರಿಗೆ ಮನಃಪೂರ್ವಕ ಸ್ತೋತ್ರ ಹೇಳಬಲ್ಲೆನೇ? ಇದರಿಂದ ಇನ್ನೊಬ್ಬ ವಿಶ್ವಾಸಿ ಎಡವುತ್ತಾನೆಯೇ ಎಂಬುದು 13ನೇ ವಚನದ್ದು. ಇಷ್ಟಾದ ಮೇಲೂ ಎರಡು ದಾರಿಗಳು ತೆರೆದೇ ಇರಬಹುದು. ಆಗ ಯಾವುದನ್ನು ಆರಿಸಿದರೂ ಅವಿಧೇಯತೆ ಆಗುವುದಿಲ್ಲ.

ಜನ ಸಾಮಾನ್ಯವಾಗಿ ತಪ್ಪುವುದು ಇಲ್ಲಿ: ಗುರುತಿಗಾಗಿ ಕಾಯುತ್ತಾ ಕೂರುತ್ತಾರೆ, ಇಲ್ಲವೇ ಬೈಬಲನ್ನು ಎಲ್ಲೋ ತೆರೆದು ಕಣ್ಣಿಗೆ ಬಿದ್ದ ವಚನವನ್ನೇ ಉತ್ತರ ಎಂದುಕೊಳ್ಳುತ್ತಾರೆ. ಕೆಲಸ ಬಿಡದಿದ್ದರೂ ಕೊಲೊಸ್ಸೆಯವರಿಗೆ 3:23 ಇದ್ದೇ ಇದೆ. ಮಾಡುವುದನ್ನು ಕರ್ತನಿಗೆಂದೇ ಮಾಡಬೇಕು. 4:1 ಯಜಮಾನರಿಗೂ ಪರಲೋಕದಲ್ಲಿ ಯಜಮಾನನಿದ್ದಾನೆ ಎಂದು ಎಚ್ಚರಿಸುತ್ತದೆ.

ಹೊಸಚಿಗುರು:

ವಂದನೆ. ಸಭೆಯ ನಾಯಕರೊಬ್ಬರು “ಕರ್ತನು ನನಗೆ ತಿಳಿಸಿದ್ದಾನೆ, ನೀನು ಹೀಗೇ ಮಾಡು” ಎಂದರೆ?

ನೇಗಿಲಗೆರೆ:

ಒಪ್ಪಲೇಬೇಕೆಂಬ ಕಟ್ಟುಪಾಡಿಲ್ಲ. ಪ್ರವಾದನೆಯನ್ನು ಉಳಿದವರು ವಿವೇಚಿಸಬೇಕು ಎಂದಿದೆ 1 ಕೊರಿಂಥದವರಿಗೆ 14:29. ಪೌಲನೇ “ನಾವು ನಿಮ್ಮ ನಂಬಿಕೆಯ ಮೇಲೆ ದೊರೆತನ ಮಾಡುವವರಲ್ಲ” ಎಂಬರ್ಥದಲ್ಲಿ ಬರೆದಿರುವಾಗ (2 ಕೊರಿಂಥ 1:24) ಬೇರೆ ಯಾರಿಗೆ ಆ ಹಕ್ಕು? 1934ರ ಮೇ ತಿಂಗಳಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಪ್ರೊಟೆಸ್ಟಂಟ್ ಸಭೆಗಳ ಪ್ರತಿನಿಧಿಗಳು ಹೊರಡಿಸಿದ ಘೋಷಣೆ ಇದನ್ನು ಎರಡೂ ಕಡೆಯಿಂದ ಕಟ್ಟಿಹಾಕಿತು. ಕ್ರಿಸ್ತನಲ್ಲದೆ ಬೇರೆ ಒಡೆಯರಿಗೆ ಸೇರಿದ ಭಾಗ ನಮ್ಮ ಬದುಕಿನಲ್ಲಿದೆ ಎಂಬ ಬೋಧನೆಯನ್ನು ಎರಡನೆಯ ವಿಧಿ ತಳ್ಳಿಹಾಕಿತು. ಸಭೆಯ ಹುದ್ದೆಗಳು ಒಬ್ಬರ ಮೇಲೊಬ್ಬರ ಆಳ್ವಿಕೆಗೆ ಅಲ್ಲ ಎಂದು ನಾಲ್ಕನೆಯದು ಹೇಳಿತು. ನಾಜಿ ಆಡಳಿತದ ಕೆಳಗೆ ಹಾಗೆ ಹೇಳಿದ್ದು ಸಣ್ಣ ಮಾತಲ್ಲ.

ಅಂಥ ಮಾತು ಬಂದಾಗ ಸ್ಥಳದಲ್ಲೇ ಒಪ್ಪಿಗೆ ಕೊಡಬೇಡಿ. ಯಾವ ವಾಕ್ಯದ ಆಧಾರ ಎಂದು ಕೇಳಿ, ಅದನ್ನು ಇಡೀ ಅಧ್ಯಾಯದೊಂದಿಗೆ ಓದಿ, ಆ ನಾಯಕರ ಹಂಗಿಲ್ಲದ ಇಬ್ಬರು ಮಾಗಿದ ವಿಶ್ವಾಸಿಗಳ ಮುಂದಿಡಿ. ಬೇರೆಯವರನ್ನು ಕೇಳಲೇಬೇಡ ಎಂಬ ಒತ್ತಡ ಬಂದರೆ, ಅಥವಾ ಹಣವೋ ಗುಟ್ಟೋ ಅದಕ್ಕೆ ತಳುಕು ಹಾಕಿಕೊಂಡಿದ್ದರೆ, ಅದನ್ನು ಕರ್ತನ ಮಾತೆಂದು ತೆಗೆದುಕೊಳ್ಳಬೇಡಿ.