ಬಾಸ್ ಮೀನಿಗೆ ಯಾವ ರಾಡು, ಯಾವ ಹುಳ? 'ಗಾಳದಂಗಡಿ' ಅಣ್ಣನ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಅಮೆರಿಕದ ಕೆರೆಗಳಲ್ಲಿ ಲಾರ್ಜ್‌ಮೌತ್ ಬಾಸ್ ಅನ್ನೋ ದೊಡ್ಡ ಬಾಯಿಯ ಮೀನು ಹಿಡಿಯಲು ಹೊರಟವರು ನಮ್ಮ ಗುಂಪಿನಲ್ಲಿ ಜಾಸ್ತಿ ಆಗಿದ್ದಾರೆ. ದಿನಾ ಅದೇ ಪ್ರಶ್ನೆಗಳು. ಹಾಗಾಗಿ ಇವತ್ತು ಬೆಳಿಗ್ಗೆ 'ಗಾಳದಂಗಡಿ' ಅಣ್ಣ ಎರಡು ಗಂಟೆ ಇಲ್ಲೇ ಇರುತ್ತಾರೆ. ಟೆಕ್ಸಸ್‌ನ ಒಂದು ಟ್ಯಾಕಲ್ (ಗಾಳದ ಸಾಮಾನು) ಅಂಗಡಿಯಲ್ಲಿ 14 ವರ್ಷದಿಂದ ಕೆಲಸ, ಬಿಡುವಿದ್ದಾಗ ದೋಣಿಯಲ್ಲಿ ಗೈಡ್. ಕೇಳುವವರು ಯಾವ ರಾಜ್ಯ, ದಡದಿಂದಲೋ ದೋಣಿಯಿಂದಲೋ, ಎಷ್ಟು ದುಡ್ಡು ಹಾಕ್ತೀರಿ ಅಂತ ಬರೆಯಿರಿ. ಜಗಳ ಬೇಡ.

ಆಸ್ಟಿನ್ ಹೊಸಬ: ಅಣ್ಣ, ಊರಲ್ಲಿ ಬಿದಿರು ಕೋಲು, ಎರೆಹುಳ, ಬೆಂಡು, ಇಷ್ಟೇ ಗೊತ್ತಿದ್ದಿದ್ದು. ಇಲ್ಲಿ ಅಂಗಡಿಗೆ ಹೋದರೆ ಗೋಡೆ ತುಂಬಾ ರಾಡು. ದಡದಿಂದ ಹಿಡಿಯೋದು. 100 ಡಾಲರ್ ಒಳಗೆ ಏನು ತಗೊಳ್ಳಲಿ?

ಗಾಳದಂಗಡಿ: ಏಳು ಅಡಿಯ ಸ್ಪಿನ್ನಿಂಗ್ ರಾಡು. ಮೀಡಿಯಂ ಪವರ್, ಫಾಸ್ಟ್ ಆಕ್ಷನ್. ಫಾಸ್ಟ್ ಅಂದರೆ ತುದಿ ಬಾಗುತ್ತದೆ, ನಡು ಗಟ್ಟಿ ನಿಲ್ಲುತ್ತದೆ. ಅದಕ್ಕೆ 2500 ಸೈಜಿನ ರೀಲು. 10 ಪೌಂಡ್ ತಡೆಯುವ ಮಾನೋ ದಾರ, ಅಂದರೆ ಊರಿನ ನೈಲಾನ್ ದಾರವೇ. ರಾಡು, ರೀಲು ಸೇರಿ 60-70 ಡಾಲರ್‌ಗೆ ಮುಗಿಸಿ. ಉಳಿದದ್ದರಲ್ಲಿ 5 ಇಂಚಿನ ಸ್ಟಿಕ್ ಬೇಟ್ ಒಂದು ಪ್ಯಾಕೆಟ್, ಗ್ರೀನ್ ಪಂಪ್ಕಿನ್ ಬಣ್ಣದ್ದು. ಈ ರಬ್ಬರ್ ಹುಳದ ನಡುವಿಗೇ 1/0 ಸೈಜಿನ ಹುಕ್ಕು ಚುಚ್ಚಿ. ತೂಕ ಬೇಡ. ಎಸೆದು ಸುಮ್ನೆ ಬಿಡಿ. ಎರಡೂ ತುದಿ ನಡುಗಿಸ್ತಾ ನಿಧಾನ ಇಳಿಯುತ್ತದೆ. ಹೆಚ್ಚಿನ ಸಲ ಬಾಸ್ ಕಚ್ಚುವುದು ಆಗಲೇ, ಕೈಗೆ ಏನೂ ಗೊತ್ತಾಗುವುದಿಲ್ಲ. ದಾರ ನೋಡ್ತಾ ಇರಿ. ನೀರಿನ ಮೇಲೆ ಸಡಿಲ ಬಿದ್ದಿರುವ ದಾರ ಪಕ್ಕಕ್ಕೆ ಜರುಗಿತೋ, ಹುಳ ಮೀನಿನ ಬಾಯಲ್ಲಿದೆ. ಆಗಲೇ ರಾಡು ಎತ್ತಿ ಎಳೆಯಿರಿ, ತಡ ಮಾಡಿದರೆ ನುಂಗಿಬಿಡುತ್ತದೆ. ಬೆಂಡು ಮುಳುಗೋದನ್ನ ಕಾದ ಕಣ್ಣಿಗೆ ಇದು ಕಷ್ಟ ಅಲ್ಲ. 17 ತುಂಬಿದವರಿಗೆ ಟೆಕ್ಸಸ್‌ನಲ್ಲಿ ಲೈಸೆನ್ಸ್ ಬೇಕು. ಸ್ಟೇಟ್ ಪಾರ್ಕಿನ ಒಳಗೆ ದಡದಿಂದ ಹಿಡಿದರೆ ಬೇಡ.

ಫ್ರಿಸ್ಕೋ ಫ್ರೆಂಡ್: ಸರ್, ಹೊಸಬರಿಗೆ ಯಾವ ರಾಡ್ ಒಳ್ಳೇದು?

ಗಾಳದಂಗಡಿ: ಈಗಷ್ಟೇ ಬರೆದೆ. ಮೇಲೆ ಓದಿ.

ಜಾರ್ಜಿಯಾ ಗೌಡ: ನಮಸ್ತೆ ಅಣ್ಣ. ದೊಡ್ಡ ಮೀನು ಬೇಕು ಅಂದರೆ 40 ಡಾಲರ್‌ನ ಸ್ವಿಮ್‌ಬೇಟ್ ಅನ್ನೋ ನಕಲಿ ಮೀನು ಹಾಕಲೇಬೇಕು ಅಂತಾರೆ. ತಗೊಳ್ಳಲಾ?

ಗಾಳದಂಗಡಿ: ಅಂಗಡಿಯವನಾಗಿ ತಗೊಳ್ಳಿ ಅನ್ನಬೇಕು. ಆದರೆ ವಿಶ್ವದಾಖಲೆ ನಿಮ್ಮ ರಾಜ್ಯದ್ದೇ. 1932ರ ಜೂನ್ 2, ಮಾಂಟ್‌ಗೊಮೆರಿ ಲೇಕ್, ಜಾರ್ಜ್ ಪೆರಿ, 22 ಪೌಂಡ್ 4 ಔನ್ಸ್. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅದಕ್ಕೆ ಸಮ ಮಾಡಿದರು, ಜೀವಂತ ಬ್ಲೂಗಿಲ್ ಮೀನು ಹಾಕಿ. ಟೆಕ್ಸಸ್ ದಾಖಲೆ 18.18 ಪೌಂಡ್, 1992, ಲೇಕ್ ಫೋರ್ಕ್. ಅದನ್ನ ಹಿಡಿದಾತ ಹೊರಟಿದ್ದು ಕ್ರ್ಯಾಪಿ ಅನ್ನೋ ಸಣ್ಣ ಮೀನಿಗೆ, ಹಾಕಿದ್ದು ಜೀವಂತ ಮರಿಮೀನು. ಮೊದಲು ನಿಮ್ಮ ಕೆರೆಯಲ್ಲಿ ದೊಡ್ಡ ಮೀನು ಇದೆಯಾ ವಿಚಾರಿಸಿ. 40 ಡಾಲರ್ ಆಮೇಲೆ.

ಕೇರಿ ಕಾಕಾ: ಇದು ಬೇರೆ ಗುಂಪಿನಿಂದ ಬಂತು, ನಿಜಾನಾ ಹೇಳಿ: 'ಲೂರ್, ಅಂದರೆ ನಕಲಿ ಹುಳ-ಮೀನಿನ ಮೇಲೆ ಡಬ್ಲ್ಯುಡಿ-40 ಎಣ್ಣೆ ಸಿಂಪಡಿಸಿ. ಅದರಲ್ಲಿ ಮೀನೆಣ್ಣೆ ಇದೆ. ಬಾಸ್ ಹುಡುಕಿಕೊಂಡು ಬರುತ್ತದೆ. ಈ ಗುಟ್ಟನ್ನು 10 ಜನಕ್ಕೆ ಕಳಿಸಿ.'

ಗಾಳದಂಗಡಿ: ಸುಳ್ಳು. ಮೀನೆಣ್ಣೆ ಇಲ್ಲ ಅಂತ ಆ ಕಂಪನಿಯೇ ಹೇಳಿದೆ. ಅದು ಪೆಟ್ರೋಲಿಯಂ ಎಣ್ಣೆ. ಬಾಗಿಲ ಬಿಜಾಗರಿಗೆ ಹಾಕಿ, ಕೆರೆಗಲ್ಲ.

ಹುಬ್ಬಳ್ಳಿ ಹೈದ: ಬೇಟ್‌ಕಾಸ್ಟರ್ ರೀಲ್ ತಗೊಂಡೇನ್ರಿ. ಪ್ರತಿ ಸಲ ಒಗೆದಾಗ ದಾರ ಗುಬ್ಬಿಗೂಡು ಆಗತೈತಿ.

ಗಾಳದಂಗಡಿ: ರೀಲಿನ ಪಕ್ಕದ ತಿರುಪನ್ನ ಬಿಗಿ ಮಾಡಿ. ಬಟನ್ ಒತ್ತಿದಾಗ ಲೂರ್ ನಿಧಾನ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಸುರುಳಿ ನಿಲ್ಲಬೇಕು. ಬ್ರೇಕ್ ಪೂರ್ತಿ ಇಟ್ಟು ಶುರು ಮಾಡಿ. ಲೂರ್ ನೀರಿಗೆ ಬೀಳುವ ಮೊದಲೇ ಹೆಬ್ಬೆರಳು ಇಡಿ. ಮನೆ ಹಿಂದೆ ಹುಲ್ಲಿನ ಮೇಲೆ ಒಂದು ವಾರ ಎಸೆದು ಕಲಿಯಿರಿ.

ಪುಟ್ಟನ ಅಪ್ಪ: ಅಣ್ಣ, ಹ್ಯೂಸ್ಟನ್ ಹತ್ತಿರ. ಮಗನಿಗೆ 8 ವರ್ಷ, ಇಬ್ಬರೂ ದಡದಿಂದ. ದಾರ ಕಡಿಯಬಾರದು ಅಂತ 50 ಪೌಂಡ್ ಬ್ರೇಡ್ (ಹೆಣೆದ ದಾರ) ಹಾಕಿದ್ದೇನೆ. ಸ್ಕ್ವೇರ್ ಬಿಲ್ ಕ್ರ್ಯಾಂಕ್‌ಬೇಟ್ (ಚೌಕ ಮೂತಿಯ, ಮೀನಿನಾಕಾರದ ಗಟ್ಟಿ ಲೂರ್) ಮರದ ಬೊಡ್ಡೆಗೆ ಸಿಕ್ಕಿಕೊಳ್ಳುತ್ತಲೇ ಇರುತ್ತದೆ. ದಾರ ಕೈಗೆ ಸುತ್ತಿಕೊಂಡು ಜೋರಾಗಿ ಎಳೆದರೆ ಬರುತ್ತೆ. ಹೋದ ವಾರ ಹಾಗೆ ಎಳೆದಾಗ ಹಾರಿ ಬಂದು ಪುಟ್ಟನ ಟೋಪಿಗೆ ಚುಚ್ಚಿಕೊಂಡಿತು, ನಕ್ಕಿದ್ದೇ ನಕ್ಕಿದ್ದು. ಸಿಕ್ಕಿಕೊಳ್ಳದ ಲೂರ್ ಯಾವುದಾದರೂ ಇದೆಯಾ?

ಗಾಳದಂಗಡಿ: ಲೂರಿಗೆ ಆಮೇಲೆ ಬರ್ತೀನಿ. ಮೊದಲು ಆ ಟೋಪಿ.

ಆ ಲೂರಿನಲ್ಲಿ ಮೂರು ಮೊನೆಯ ಎರಡು ಹುಕ್ಕು. ಒಟ್ಟು ಆರು ಮೊನೆ. ನೀವು ಎಳೆದಾಗ ನೀರಿನೊಳಗಿನ ಕೊಂಬೆ ಬಿಲ್ಲಿನ ಹಾಗೆ ಬಾಗುತ್ತದೆ. ಬಿಟ್ಟುಕೊಂಡಾಗ ಲೂರ್ ದಾರದ ದಿಕ್ಕಿನಲ್ಲೇ ಬರುತ್ತದೆ, ಅಂದರೆ ನಿಮ್ಮ ಮುಖಕ್ಕೆ, ಇಲ್ಲವೇ ಪಕ್ಕದಲ್ಲಿ ನಿಂತವನ ಮುಖಕ್ಕೆ. ಟೋಪಿಯ ಅಂಚಿಗೂ ಕಣ್ಣಿಗೂ ಎರಡು ಇಂಚು ದೂರ. ದಯವಿಟ್ಟು ನಗಬೇಡಿ.

ಇನ್ನು ಕೈಗೆ ಸುತ್ತಿಕೊಳ್ಳೋದು. ಬ್ರೇಡ್ ಹಿಗ್ಗುವುದಿಲ್ಲ, ಚರ್ಮ ಕೊಯ್ಯುತ್ತದೆ. ಬೆರಳಿನ ಮೂಳೆ ಕಾಣುವ ಹಾಗೆ ಕೊಯ್ದುಕೊಂಡು ಅಂಗಡಿಗೆ ಬಂದವರನ್ನ ನೋಡಿದ್ದೇನೆ.

ಸಿಕ್ಕಿಕೊಂಡರೆ ಮೊದಲು ಎಳೆಯಬೇಡಿ. ದಾರ ಸಡಿಲ ಬಿಡಿ. ಕ್ರ್ಯಾಂಕ್‌ಬೇಟ್ ತೇಲುವ ಸಾಮಾನು, ಎಷ್ಟೋ ಸಲ ತಾನೇ ಹಿಂದೆ ಸರಿದು ಮೇಲೆ ಬರುತ್ತದೆ. ಬರಲಿಲ್ಲ ಅಂದರೆ ದಡದಲ್ಲಿ ನಡೆದು ಎದುರು ದಿಕ್ಕಿನಿಂದ ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ಲೂರ್ ಹೋಯಿತು ಅಂದುಕೊಳ್ಳಿ. ಪುಟ್ಟನನ್ನ ದೂರ, ನಿಮ್ಮ ಬೆನ್ನ ಹಿಂದೆ ನಿಲ್ಲಿಸಿ. ದಾರವನ್ನ ಒಂದು ಕೋಲಿಗೆ ಸುತ್ತಿ, ಮುಖ ತಿರುಗಿಸಿ, ಜಗ್ಗದೆ ಹಿಂದಕ್ಕೆ ನಡೆಯಿರಿ. ಬ್ರೇಡಿನ ತುದಿಗೆ ನಾಲ್ಕಡಿ 12 ಪೌಂಡ್ ಮಾನೋ ಕಟ್ಟಿದ್ದರೆ ಅದು ಕಡಿಯುತ್ತದೆ. ದಾರ ಕಡಿಯಬಾರದು ಅಂದ್ರಲ್ಲ, ಇಲ್ಲಿ ಕಡಿಯಬೇಕು.

ಇಬ್ಬರಿಗೂ ಕನ್ನಡಕ ಇವತ್ತೇ. ಹುಕ್ಕಿನ ಮೊನೆಯ ಹಿಂದೆ ಒಂದು ಸಣ್ಣ ಮುಳ್ಳು ಇರುತ್ತದಲ್ಲ, ಅದನ್ನ ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ದಾರ ಬಿಗಿಯಾಗಿಟ್ಟರೆ ಮೀನು ತಪ್ಪೋದು ಕಡಿಮೆ. ಮೈಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ.

ಈಗ ಲೂರ್. ಸ್ಕ್ವೇರ್ ಬಿಲ್ ಮರಕ್ಕೆ ತಾಗಿ ಪಕ್ಕಕ್ಕೆ ಹಾರಲಿ ಅಂತಲೇ ಮಾಡಿದ್ದು. ತಾಗಿದ ಕ್ಷಣ ಸುತ್ತುವುದನ್ನ ನಿಲ್ಲಿಸಬೇಕು. ಅದು ಅಭ್ಯಾಸದಿಂದ ಬರೋದು, ಪುಟ್ಟನಿಗೆ ಈಗ ಬೇಡ. ಅವನಿಗೆ ಟೆಕ್ಸಸ್ ರಿಗ್ ಕಟ್ಟಿಕೊಡಿ. 3/0 ಆಫ್‌ಸೆಟ್ ಹುಕ್ಕು (ಕುತ್ತಿಗೆ ಹತ್ತಿರ ಬಾಗಿದ್ದು), ಮುಂದೆ ಬಂದೂಕಿನ ಗುಂಡಿನಾಕಾರದ 1/8 ಔನ್ಸ್ ತೂಕ, ಮೊನೆ ರಬ್ಬರ್ ಹುಳದ ಮೈಯೊಳಗೇ ಹುದುಗಿರಬೇಕು. ಕೊಂಬೆಯ ಮೇಲೆ ಹತ್ತಿ ಇಳಿಯುತ್ತದೆ.

ಬಯಲುಸೀಮೆ: ಹುಕ್ ಚುಚ್ಚಿದರೆ ಹೆದರೋದು ಬೇಡ. ನಮ್ಮಜ್ಜಿ ಅರಿಶಿನ, ಕಾಫಿಪುಡಿ ಒತ್ತುತ್ತಿದ್ದರು. ಎರಡು ದಿನದಲ್ಲಿ ಹುಕ್ ತಾನೇ ಮೇಲೆ ಬರುತ್ತೆ. ಈ ವಿಡಿಯೋ ನೋಡಿ.

ಗಾಳದಂಗಡಿ: ವಿಡಿಯೋ ತೆಗೆಯಿರಿ. ಹುಕ್ಕು ತಾನೇ ಮೇಲೆ ಬರುವುದಿಲ್ಲ, ಬರಬಾರದು ಅಂತಲೇ ಅದಕ್ಕೆ ಮುಳ್ಳು ಇಟ್ಟಿರೋದು. ಕಣ್ಣಿನ ಹತ್ತಿರ ಚುಚ್ಚಿದರೆ ಮುಟ್ಟಬೇಡಿ, ಎಳೆಯಬೇಡಿ, ಪೇಪರ್ ಕಪ್ ಮುಚ್ಚಿ ನೇರ ಎಮರ್ಜೆನ್ಸಿಗೆ ಹೋಗಿ. ಬೆರಳಲ್ಲಿ ಮುಳ್ಳಿನವರೆಗೂ ಇಳಿದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು ಅಂತ ಹೇಳಿ. ಕಾಫಿಪುಡಿ ಕಾಫಿಗೆ.

ಬಯಲುಸೀಮೆ: ಅಜ್ಜಿ ಕಾಲದ ಜ್ಞಾನಕ್ಕೆ ಬೆಲೆ ಇಲ್ಲ ಬಿಡಿ.

ಗಾಳದಂಗಡಿ: ನಿಮ್ಮ ಅಜ್ಜಿ ಕ್ರ್ಯಾಂಕ್‌ಬೇಟ್ ನೋಡಿರಲಿಲ್ಲ.

ಪ್ಲೇನೋ ಪಿ.ಕೆ.: ಬಿಗಿನರ್ ರಾಡ್ ಸಜೆಷನ್ ಪ್ಲೀಸ್.

ಗಾಳದಂಗಡಿ: ಮೇಲೆ.

ನ್ಯೂಜೆರ್ಸಿ ಹೆಬ್ಬಾರ: ವಿಚಿತ್ರ ಸಮಸ್ಯೆ ಅಣ್ಣ. ಚಳಿಗಾಲ ಕಳೆದು ಲೂರ್ ಪೆಟ್ಟಿಗೆ ತೆಗೆದರೆ ರಬ್ಬರ್ ಹುಳಗಳೆಲ್ಲ ಕರಗಿ ಹಲಸಿನ ಮೇಣದ ಹಾಗೆ ಅಂಟಿಕೊಂಡಿವೆ. ಬಿಸಿಲಲ್ಲಿ ಇಟ್ಟಿಲ್ಲ, ಬೇಸ್‌ಮೆಂಟ್‌ನಲ್ಲಿ ತಣ್ಣಗೆ ಇದ್ದವು. ಡೂಪ್ಲಿಕೇಟ್ ಮಾಲು ಕೊಟ್ಟರಾ?

ಗಾಳದಂಗಡಿ: ಇಲ್ಲ, ಅಸಲಿಯೇ. ಒಂದು ಕೆಲಸ ಮಾಡಿ. ಅದರಲ್ಲಿ ಯಾವುದಾದರೂ ಹುಳ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತಿತ್ತಾ, ನೀರಿನಲ್ಲಿ ತೇಲುತ್ತಿತ್ತಾ ನೆನಪು ಮಾಡಿಕೊಳ್ಳಿ.

ನ್ಯೂಜೆರ್ಸಿ ಹೆಬ್ಬಾರ: ಹೌದು! ನೆಡ್ ರಿಗ್‌ಗೆ (ಸಣ್ಣ ಹುಳ ಕಟ್ಟುವ ಒಂದು ರೀತಿ) ಅಂತ ತಗೊಂಡ ಸಣ್ಣ ತುಂಡುಗಳು.

ಗಾಳದಂಗಡಿ: ಅವೇ. ಸಾಮಾನ್ಯ ಹುಳ ಪಿವಿಸಿ ಪ್ಲಾಸ್ಟಿಕ್. ಮೆತ್ತಗಿರಲಿ ಅಂತ ಎಣ್ಣೆಯಂಥ ರಾಸಾಯನಿಕ ಸೇರಿಸಿರುತ್ತಾರೆ. ಹಿಗ್ಗುವ ಹುಳದ ಜಾತಿಯೇ ಬೇರೆ, ಎಲಾಜ್‌ಟೆಕ್ ಅಂತ ಪ್ಯಾಕೆಟ್ ಮೇಲೆ ಇರುತ್ತದೆ ನೋಡಿ. ಇವೆರಡು ಮೈ ತಾಗಿಸಿಕೊಂಡು ಮಲಗಿದರೆ ಆ ಎಣ್ಣೆ ಒಂದರಿಂದ ಇನ್ನೊಂದಕ್ಕೆ ಇಳಿದು ಕರಗುತ್ತವೆ. ಬಿಸಿಲೇ ಬೇಕಾಗಿಲ್ಲ. ಕೆಲವು ಪೆಟ್ಟಿಗೆಗಳನ್ನೂ ಅದು ತಿನ್ನುತ್ತದೆ, ಲೂರಿನ ಬಣ್ಣವನ್ನೂ ಎಬ್ಬಿಸುತ್ತದೆ. ಹುಳಗಳನ್ನ ಅವುಗಳ ಪ್ಯಾಕೆಟ್‌ನಲ್ಲೇ ಇಡಿ. ಪೆಟ್ಟಿಗೆಯ ತಳದ ಫೋಟೋ ಹಾಕ್ತೀರಾ? ಕುಳಿ ಬಿದ್ದಿರಬೇಕು. ನನಗೆ ಇಂಥದ್ದು ನೋಡೋ ಹುಚ್ಚು.

ಗಂಗೊಳ್ಳಿ ಮಾಣಿ: ಎಂತ ಮಾರಾಯ್ರೆ, ಎಲ್ಲರೂ ರಾಡು ರೀಲು ಅಂತೀರಿ. ಬಾಸ್ ಸಾರಿಗೆ ಆಗ್ತದಾ? ರುಚಿ ಹೇಗೆ?

ಸಿಯಾಟಲ್ ಶಾಸ್ತ್ರಿ: ಬಾಸ್ ತಿನ್ನಬಾರದು. ಹಿಡಿದು ಬಿಡಬೇಕು. ಅದೇ ಇಲ್ಲಿನ ಸಂಸ್ಕೃತಿ.

ಗಂಗೊಳ್ಳಿ ಮಾಣಿ: ತಿನ್ನುವುದಿಲ್ಲ ಅಂದ್ರೆ ಅದರ ಬಾಯಿಗೆ ಕಬ್ಬಿಣ ಚುಚ್ಚೋದು ಯಾಕೆ? ಫೋಟೋಕ್ಕಾ? ನಮ್ಮಲ್ಲಿ ಹಸಿವಾದ್ರೆ ಹಿಡೀತಾರೆ.

ಸಿಯಾಟಲ್ ಶಾಸ್ತ್ರಿ: ನೀವು ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ, ಹಸಿವು ಅನ್ನಬೇಡಿ.

ಕೇರಿ ಕಾಕಾ: ಶಾಸ್ತ್ರಿಗಳು ಮೀನು ಹಿಡಿಯೋದೇ ನನಗೆ ಹೊಸ ಸುದ್ದಿ.

ಸಿಯಾಟಲ್ ಶಾಸ್ತ್ರಿ: ಅಡ್ಮಿನ್, ಇದು ವೈಯಕ್ತಿಕ.

ಗಾಳದಂಗಡಿ: ಕಾನೂನು ಕೇಳಿ. ಟೆಕ್ಸಸ್‌ನಲ್ಲಿ ಸಾಮಾನ್ಯವಾಗಿ ದಿನಕ್ಕೆ 5 ಬಾಸ್, ಲಾರ್ಜ್‌ಮೌತ್ ಆದರೆ 14 ಇಂಚಿಗಿಂತ ಚಿಕ್ಕದು ಬೇಡ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ಮೀನನ್ನ ಬಿಡಲೇಬೇಕು. ಅಂದರೆ ಅಲ್ಲಿ ಸಾರಿಗೆ ಚಿಕ್ಕದು, ದೊಡ್ಡದು ಕೆರೆಗೆ. ತಿನ್ನೋದು ಪಾಪ ಅಲ್ಲ. ಬಿಡುವವರು ನೆಟ್ಟಗೆ ಬಿಡಿ. ದವಡೆ ಒಂದನ್ನೇ ಹಿಡಿದು ಮೀನನ್ನ ಅಡ್ಡ ಮಾಡಿ ಫೋಟೋ ತೆಗೆಸಿಕೊಳ್ಳಬೇಡಿ, ದವಡೆಗೆ ಪೆಟ್ಟು. ಹೊಟ್ಟೆಗೆ ಇನ್ನೊಂದು ಕೈ ಕೊಡಿ. ಕೈ ಒದ್ದೆ ಇರಲಿ.

ಗಂಗೊಳ್ಳಿ ಮಾಣಿ: ರುಚಿ ಹೇಳಲೇ ಇಲ್ಲ.

ಬಾಸ್ಟನ್ ಭಟ್: ಮ್ಯಾಸಚೂಸೆಟ್ಸ್‌ನಲ್ಲಿ ಸೀಸದ ತೂಕ ಹಾಕಬಾರದಂತೆ?

ಗಾಳದಂಗಡಿ: ಒಳನಾಡಿನ ನೀರಿನಲ್ಲಿ ಒಂದು ಔನ್ಸ್‌ಗಿಂತ ಕಡಿಮೆಯ ಸೀಸ ನಿಷೇಧ. ಲೂನ್ ಹಕ್ಕಿ ನುಂಗಿ ಸಾಯುತ್ತದೆ. ಟಂಗ್‌ಸ್ಟನ್ ಲೋಹದ್ದು ತಗೊಳ್ಳಿ.

ಹಾಸನದ ತೋಟ: ನನ್ನ ಭಾವ ಅಲ್ಲೇ ಇದ್ದಾನೆ. ಬಾಸ್ ಮರಿ ತರಿಸಿ ನಮ್ಮ ತೋಟದ ಕೆರೆಗೆ ಬಿಟ್ಟರೆ ಬೆಳೆಯುತ್ತಾ?

ಗಾಳದಂಗಡಿ: ಬೆಳೆಯುತ್ತದೆ ಅನ್ನೋದೇ ಭಯ. ಜಪಾನಿನವರು 1925ರಲ್ಲಿ ಆಶಿ ಸರೋವರಕ್ಕೆ ತಂದುಬಿಟ್ಟರು. ಅದು ಊರಿನ ಸಣ್ಣ ಮೀನುಗಳನ್ನ ತಿಂದು ಹಬ್ಬಿತು. 2005ರಿಂದ ಅಲ್ಲಿ ಬಾಸ್ ಸಾಕೋದು, ಜೀವಂತ ಸಾಗಿಸೋದು, ಬೇರೆ ನೀರಿಗೆ ಬಿಡೋದು ಕಾನೂನು ಪ್ರಕಾರ ನಿಷೇಧ. ನಮ್ಮ ಕೆರೆಗಳಿಗೆ ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್ ಸಾಲದಾ? ಭಾವನಿಗೆ ಹೇಳಿ, ಬೇಡ.

ಹಾಸನದ ತೋಟ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ?

ಕೇರಿ ಕಾಕಾ: ಅಮಾವಾಸ್ಯೆ ದಿನ ಬಾಸ್ ಜಾಸ್ತಿ ಕಚ್ಚುತ್ತಾ ಅಣ್ಣ? ಪಂಚಾಂಗ ನೋಡಿ ಹೋಗಬಹುದಾ?

ಒಹಾಯೋ ಕಾಯಕ್: ಕಾಯಕ್‌ನಲ್ಲಿ ಕೂತು ಎಸೆಯೋಕೆ ಆರೂವರೆ ಅಡಿ ರಾಡ್ ಸಾಕಾ?

ಫ್ರಿಸ್ಕೋ ಫ್ರೆಂಡ್: ಸರ್ ಮೇಲೆ ಓದಿದೆ. ಆದರೆ ಬ್ರ್ಯಾಂಡ್ ಯಾವುದು?

ಗಾಳದಂಗಡಿ: ಕೈಗೆ ಹಗುರ ಅನಿಸಿದ್ದು.

ಅಡ್ಮಿನ್: ಸಮಯ ಮುಗಿಯುತ್ತಾ ಬಂತು. ಶಾಸ್ತ್ರಿಗಳು, ಕಾಕಾ, ನಿಮ್ಮ ಕೊನೆಯ ಆರು ಸಂದೇಶ ಅಳಿಸಿದ್ದೇನೆ.

ಪುಟ್ಟನ ಅಪ್ಪ: ಅಣ್ಣ, ಈಗಲೇ ಕೂತು ಎರಡೂ ಕ್ರ್ಯಾಂಕ್‌ಬೇಟ್‌ಗಳ ಮುಳ್ಳು ಒತ್ತಿದೆ. ಕನ್ನಡಕ ಸಂಜೆ ತರ್ತೀನಿ. ಫೋಟೋ ಹಾಕಿದ್ದೇನೆ, ಸರಿ ಇದೆಯಾ?

ಗಾಳದಂಗಡಿ: ಕೆಂಪು ಲೂರ್ ಸರಿ ಇದೆ. ಹಸಿರಿನದರಲ್ಲಿ ಬಾಲದ ಹುಕ್ಕಿನ ಒಂದು ಮೊನೆ ಬಿಟ್ಟಿದ್ದೀರಿ. ಫೋಟೋ ದೊಡ್ಡದು ಮಾಡಿ ನೋಡಿ.