1985ರ ಬುಲೆಟ್‌ಗೆ ರಿಯರ್‌ಸೆಟ್: ಗೇರ್ ಲಿವರನ್ನು ತಿರುಗಿಸಿ ಹಾಕಬಹುದೇ, ಬ್ರೇಕಿಗೆ ಉದ್ದದ ರಾಡ್ ಸಾಕೇ?

ಪ್ರಶ್ನೆ (ತುಮಕೂರಿನ ಸದಸ್ಯರಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಓಡಿಸುತ್ತಿದ್ದ 1985ರ ಬುಲೆಟ್ 350 ಈಗ ನನ್ನ ಬಳಿ ಇದೆ. ಬಲಗಡೆ ಗೇರ್, ಎಡಗಡೆ ಬ್ರೇಕ್ ಇರುವ ಹಳೆಯ ಕಾಸ್ಟ್ ಐರನ್ ಎಂಜಿನ್ನಿನ ಗಾಡಿ ಅದು. ಕಳೆದ ವರ್ಷ ಹ್ಯಾಂಡಲ್ ಬದಲಿಸಿ ತಗ್ಗಿನದನ್ನು ಹಾಕಿಸಿದೆ. ಅಂದಿನಿಂದ ಮೈ ಮುಂದಕ್ಕೆ ಬಾಗುತ್ತದೆ, ಕಾಲುಗಳು ಮಾತ್ರ ಮೊದಲಿನಂತೆ ಮುಂದೆಯೇ ಇರುತ್ತವೆ. ತುಮಕೂರಿನಿಂದ ಶಿರಾ ತಲುಪುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತದೆ. ಆದ್ದರಿಂದ ಫುಟ್‌ರೆಸ್ಟ್‌ಗಳನ್ನು ಹಿಂದಕ್ಕೆ ಒಯ್ದು ರಿಯರ್‌ಸೆಟ್ ಮಾಡಿಸಬೇಕೆಂದಿದ್ದೇನೆ.

ಇಲ್ಲಿನ ಲೇತ್ ಶಾಪಿನವರು ಹಿಂದೆ ಕೂರುವವರ ಫುಟ್‌ರೆಸ್ಟ್ ಇರುವ ಜಾಗಕ್ಕೇ ಹೊಸದನ್ನು ಕೂರಿಸಿ, ಗೇರ್ ಲಿವರನ್ನು ಹಿಂದುಮುಂದಾಗಿ ತಿರುಗಿಸಿ, ಬ್ರೇಕಿಗೆ ಒಂದು ರಾಡ್ ಹಾಕಿದರೆ ಕೆಲಸ ಮುಗಿಯಿತು ಎನ್ನುತ್ತಾರೆ. ಇದು ಇಷ್ಟು ಸುಲಭವೇ? ಫ್ರೇಮನ್ನು ಕೊಯ್ಯಲು ಅಥವಾ ವೆಲ್ಡ್ ಮಾಡಲು ನನಗೆ ಮನಸ್ಸಿಲ್ಲ. ಈ ಕೆಲಸವನ್ನು ಸ್ವತಃ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಬೆಂಗಳೂರಿನ ಸದಸ್ಯರಿಂದ)

ಫ್ರೇಮಿಗೆ ಕೈ ಹಚ್ಚುವುದಿಲ್ಲ ಎಂಬ ನಿಮ್ಮ ನಿರ್ಧಾರ ಸರಿಯಾಗಿದೆ, ಅದನ್ನು ಬಿಡಬೇಡಿ. ಆದರೆ ಲೇತ್ ಶಾಪಿನವರು ಹೇಳಿದ ಉಳಿದ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಒಳ್ಳೆಯದು, ಏಕೆಂದರೆ ರಿಯರ್‌ಸೆಟ್ಟಿನಲ್ಲಿ ಕಾಲಿಡುವ ಗೂಟ ಕೂರಿಸುವುದು ಸಣ್ಣ ಕೆಲಸ. ಅದರ ಹಿಂದೆಯೇ ಬರುವ ಗೇರ್ ಮತ್ತು ಬ್ರೇಕುಗಳನ್ನು ಮೊದಲಿನಷ್ಟೇ ನಂಬುವಂತೆ ಉಳಿಸಿಕೊಳ್ಳುವುದೇ ನಿಜವಾದ ಕೆಲಸ.

ಮೊದಲು ಗೇರ್. ನಿಮ್ಮ ಗಾಡಿಯಲ್ಲಿ ಮೊದಲನೆಯ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಲಿವರನ್ನು ಅದೇ ಶಾಫ್ಟಿನ ಮೇಲೆ ಹಿಂದಕ್ಕೆ ತಿರುಗಿಸಿ ಹಾಕಿದರೆ ಈ ಕ್ರಮ ತಲೆಕೆಳಗಾಗಿ, ಮೊದಲನೆಯದು ಕೆಳಕ್ಕೂ ಉಳಿದವು ಮೇಲಕ್ಕೂ ಬರುತ್ತವೆ. ವರ್ಷಗಟ್ಟಲೆ ಓಡಿಸಿದ ಕಾಲು ಹಳೆಯ ಅಭ್ಯಾಸವನ್ನು ಬಿಡುವುದಿಲ್ಲ. ಎದುರಿಗೆ ಲಾರಿ ಬಂದಾಗ ನಾಲ್ಕರಿಂದ ಮೂರಕ್ಕೆ ಇಳಿಸಲೆಂದು ಕಾಲೆತ್ತಿದರೆ, ಗಾಡಿ ನಾಲ್ಕರಲ್ಲೇ ಉಳಿದು ಎಂಜಿನ್ನಿನ ಹಿಡಿತ ಸಿಗದೆ ಹೋಗುತ್ತದೆ. ಆದ್ದರಿಂದ ಲಿಂಕೇಜ್ ಮಾಡಿಸಿ: ಶಾಫ್ಟಿಗೆ ಒಂದು ಗಿಡ್ಡ ತೋಳು, ಹೊಸ ಪೆಡಲಿಗೆ ಇನ್ನೊಂದು ತೋಳು, ನಡುವೆ ಎರಡೂ ತುದಿಗೆ ಬಾಲ್ ಜಾಯಿಂಟ್ ಇರುವ ರಾಡ್. ಎರಡು ತೋಳುಗಳೂ ಕೆಳಮುಖವಾಗಿದ್ದರೆ, ಅಥವಾ ಎರಡೂ ಮೇಲ್ಮುಖವಾಗಿದ್ದರೆ, ಗೇರಿನ ಕ್ರಮ ಮೊದಲಿನಂತೆಯೇ ಇರುತ್ತದೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಇದ್ದರೆ ಅದು ತಿರುಗುಮುರುಗಾಗುತ್ತದೆ. ಪೆಡಲ್ ಸುಮ್ಮನೆ ನಿಂತಿರುವಾಗ ರಾಡ್ ಎರಡೂ ತೋಳುಗಳಿಗೆ ಹೆಚ್ಚುಕಡಿಮೆ ಲಂಬಕೋನದಲ್ಲಿರಬೇಕು. ಇಲ್ಲವಾದರೆ ಒಂದು ದಿಕ್ಕಿಗೆ ಗೇರ್ ಹಗುರವಾಗಿ ಬಿದ್ದು, ಇನ್ನೊಂದು ದಿಕ್ಕಿಗೆ ಬಿಗಿಯಾಗುತ್ತದೆ.

ಜಾಯಿಂಟಿನ ಸಡಿಲವನ್ನು ಹಗುರವಾಗಿ ಕಾಣಬೇಡಿ. ನಾನು ಮೊದಲು ಮಾಡಿಸಿದ್ದರಲ್ಲಿ ಬಾಲ್ ಜಾಯಿಂಟ್ ಬದಲು ತೂತು ಕೊರೆದ ಪಟ್ಟಿಗೆ ಬೋಲ್ಟ್ ಹಾಕಿದ್ದರು. ತೋಳು 40 ಮಿ.ಮೀ., ಬೆರಳು ಇಡುವ ತುದಿ 120 ಮಿ.ಮೀ. ದೂರದಲ್ಲಿತ್ತು. ಎರಡೇ ತಿಂಗಳಲ್ಲಿ ಆ ತೂತುಗಳು ಸವೆದು ಒಂದು ಮಿ.ಮೀ. ಆಡತೊಡಗಿದವು, ಅದು ಬೆರಳಿನ ತುದಿಯಲ್ಲಿ ಮೂರು ಮಿ.ಮೀ. ಆಗಿ ಕಾಣುತ್ತಿತ್ತು. ಒಂದಕ್ಕೂ ಎರಡಕ್ಕೂ ನಡುವೆ ನ್ಯೂಟ್ರಲ್ ಹುಡುಕುವುದೇ ಕಷ್ಟವಾಯಿತು. ಹಿಮ್ಮಡಿಯಿಂದ ಒತ್ತಿ ನೇರ ನ್ಯೂಟ್ರಲ್‌ಗೆ ತರುವ ಆ ಚಿಕ್ಕ ಲಿವರ್ ಕಾಲು ಹಿಂದೆ ಹೋದ ಮೇಲೆ ಎಟುಕುವುದಿಲ್ಲ ಎಂಬುದನ್ನೂ ನೆನಪಿಡಿ. ಬುಲೆಟ್ಟಿನ ಆ ಸೌಕರ್ಯ ನನಗೆ ಇಂದಿಗೂ ನೆನಪಾಗುತ್ತಿರುತ್ತದೆ. ಪೆಡಲ್ ತಿರುಗುವ ಕಡೆ ಗನ್‌ಮೆಟಲ್ ಬುಷ್ ಹಾಕಿಸಿ, ಗ್ರೀಸ್ ನಿಪ್ಪಲ್ ಕೊಡಿಸಿ. ಬಾಲ್ ಜಾಯಿಂಟ್‌ಗಳು ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ. ಒಂದು ಬಲ ಮರೆ (ಥ್ರೆಡ್), ಒಂದು ಎಡ ಮರೆ ಇರುವ ಜೋಡಿ ತೆಗೆದುಕೊಂಡರೆ ರಾಡನ್ನು ಬಿಚ್ಚದೆಯೇ ತಿರುಗಿಸಿ ಉದ್ದ ಹೊಂದಿಸಬಹುದು.

ಕಿಕ್ಕರ್ ಕೂಡ ಬಲಗಡೆಯೇ ಇದೆ. ಅದು ಕೆಳಗೆ ಬರುವ ದಾರಿಯಲ್ಲಿ ಹೊಸ ಗೂಟ ಅಡ್ಡ ನಿಂತರೆ ಒಂದು ದಿನ ಮೊಣಕಾಲು ಉಳಿಯುವುದಿಲ್ಲ. ಬಲಗಡೆಗೆ ಮಡಚುವ ಗೂಟವನ್ನೇ ಹಾಕಿಸಿ. ಸೈಲೆನ್ಸರ್ ಕೂಡ ಆ ಮಗ್ಗುಲಲ್ಲೇ ಹಾದುಹೋಗುವುದರಿಂದ, ಬೂಟಿನ ಹಿಮ್ಮಡಿ ಅದಕ್ಕೆ ತಾಗುತ್ತದೆಯೇ ಎಂದು ಬ್ರಾಕೆಟ್ ಕತ್ತರಿಸುವ ಮೊದಲೇ ನೋಡಬೇಕು.

ಉತ್ತರ 2 (ಮೈಸೂರಿನ ಸದಸ್ಯರಿಂದ)

ಮೇಲಿನವರು ಗೇರಿನ ಬಗ್ಗೆ ಹೇಳಿದ್ದೆಲ್ಲವೂ ಸರಿ. ನಾನು ಬ್ರೇಕಿನ ವಿಷಯ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಾನೇ ತಪ್ಪಿ ಬಿದ್ದಿದ್ದೇನೆ.

ಹಳೆಯ ಪೆಡಲಿನಲ್ಲಿ ಪಾದ ಒತ್ತುವ ತುದಿ ಪಿವಟ್ಟಿನಿಂದ (ಪೆಡಲ್ ತಿರುಗುವ ಬಿಂದುವಿನಿಂದ) ಎಷ್ಟು ದೂರವಿದೆ, ರಾಡ್ ಹಿಡಿಯುವ ತೋಳು ಎಷ್ಟು ಉದ್ದವಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಅವು 200 ಮತ್ತು 50 ಮಿ.ಮೀ. ಆಗಿದ್ದರೆ ನಿಮ್ಮ ಪಾದದ ಬಲ ನಾಲ್ಕು ಪಟ್ಟಾಗಿ ರಾಡಿಗೆ ಸೇರುತ್ತದೆ. ರಿಯರ್‌ಸೆಟ್ಟಿನ ಪೆಡಲ್ ಸಾಮಾನ್ಯವಾಗಿ ಗಿಡ್ಡ. ಅದು 120 ಮಿ.ಮೀ. ಇದ್ದು ತೋಳು 60 ಆದರೆ ಬಲ ಎರಡೇ ಪಟ್ಟು, ಅಂದರೆ ಬ್ರೇಕಿನ ಅರ್ಧ ಶಕ್ತಿ ಅಲ್ಲಿಯೇ ಹೋಯಿತು. ನನ್ನ ಗಾಡಿಯಲ್ಲಿ ಹೀಗೆಯೇ ಆಗಿತ್ತು. ಮಾಡಿಕೊಟ್ಟವರು ಶೂ ಸವೆದಿದೆ ಎಂದರು, ಶೂ ಬದಲಿಸಿದೆ; ಡ್ರಮ್ ತೇಯಿಸಿದೆ; ಕೊನೆಗೆ ನಂಜನಗೂಡಿನ ರಸ್ತೆಯಲ್ಲಿ ದನವೊಂದು ಅಡ್ಡ ಬಂದಾಗ ಪೂರ್ತಿ ಮೈಭಾರ ಹಾಕಿ ಒತ್ತಿದರೂ ನಿಲ್ಲದೆ ಬದುವಿಗೆ ಇಳಿಸಿದೆ. ಮನೆಗೆ ಬಂದು ಸ್ಕೇಲು ಹಿಡಿದು ಅಳೆದಾಗಲೇ ಕಾರಣ ಹೊಳೆಯಿತು. ತೋಳನ್ನು 30 ಮಿ.ಮೀ.ಗೆ ಇಳಿಸಿದ ಮೇಲೆ ಪೆಡಲ್ ಸ್ವಲ್ಪ ಹೆಚ್ಚು ಕೆಳಗೆ ಹೋಗುತ್ತದೆ, ಆದರೆ ಗಾಡಿ ನಿಲ್ಲುತ್ತದೆ.

ಇನ್ನೊಂದು ಪರೀಕ್ಷೆ. ಹಿಂದಿನ ಚಕ್ರ ತನ್ನನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಎಂಬ ತೋಳಿನ ಜೊತೆ ಮೇಲೆ ಕೆಳಗೆ ಆಡುವಾಗ ಬ್ರೇಕ್ ರಾಡ್ ಕೂಡ ಆಡುತ್ತದೆ. ರಾಡಿನ ಮುಂದಿನ ತುದಿ ಸ್ವಿಂಗ್ ಆರ್ಮಿನ ಪಿವಟ್ಟಿನಿಂದ ದೂರವಾದಷ್ಟೂ, ಹಳ್ಳಕ್ಕೆ ಇಳಿದಾಗ ಬ್ರೇಕ್ ತಾನಾಗಿಯೇ ಹಿಡಿಯಬಹುದು ಅಥವಾ ಸಡಿಲವಾಗಬಹುದು. ಎಲ್ಲ ಜೋಡಿಸಿದ ಮೇಲೆ ಗಾಡಿಯ ಮೇಲೆ ಇಬ್ಬರನ್ನು ಕೂರಿಸಿ, ಪೆಡಲಿನ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮೊದಲಿನ ಖಾಲಿ ಆಟ) ಎಷ್ಟು ಬದಲಾಯಿತೆಂದು ಬೆರಳಿನಿಂದ ಒತ್ತಿ ನೋಡಿ. ಬ್ರೇಕ್ ಲೈಟಿನ ಸ್ವಿಚ್ಚನ್ನೂ ಹೊಸ ಪೆಡಲಿಗೆ ಕಟ್ಟಿಸಲು ಮರೆಯಬೇಡಿ.

ಅಂದಹಾಗೆ ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳಲ್ಲಿ ಗೇರ್ ಲಿವರೇ ಕಿಕ್ಕರ್ ಕೂಡ ಆಗಿರುವುದರಿಂದ, ಅದಕ್ಕೆ ಲಿಂಕೇಜ್ ಕಟ್ಟಿದರೆ ಪ್ರತಿ ಸಲ ಸ್ಟಾರ್ಟ್ ಮಾಡಲು ರಾಡ್ ಬಿಚ್ಚಬೇಕಾಗುತ್ತದೆ. ನನ್ನ ಯೆಜ್ಡಿಗೆ ಆ ಯೋಚನೆಯನ್ನೇ ಬಿಟ್ಟೆ. ಬುಲೆಟ್ಟಿನಲ್ಲಿ ಎರಡೂ ಬೇರೆ ಬೇರೆ ಇರುವುದು ನಿಮ್ಮ ಪುಣ್ಯ.

ಹಿಂದಿನವರ ಫುಟ್‌ರೆಸ್ಟ್ ಜಾಗವನ್ನೇ ಬಳಸಿದರೆ ಆಮೇಲೆ ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂದಿನ ಸವಾರರಿಗೆ ಫುಟ್‌ರೆಸ್ಟ್ ಇರಲೇಬೇಕೆಂದು ಹೇಳುತ್ತದೆ. 1988ರ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ಕೆಲಸಕ್ಕೆ ಕೈ ಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಎರಡೂ ಕಡೆ ಇಟ್ಟಿಗೆ ಮತ್ತು ಮರದ ತುಂಡುಗಳನ್ನು ಪೇರಿಸಿ ಅವುಗಳ ಮೇಲೆ ಕಾಲಿಟ್ಟು ಅರ್ಧ ಗಂಟೆ ಕುಳಿತು ನೋಡಿದೆ. ಹಿಂದಿನ ಫುಟ್‌ರೆಸ್ಟ್ ಜಾಗದವರೆಗೆ ಹೋದರೆ ಮಂಡಿ ವಿಪರೀತ ಮಡಚಿಕೊಳ್ಳುತ್ತದೆ, ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಈಗಿರುವಲ್ಲಿಂದ ಸುಮಾರು ಐದು ಇಂಚು ಹಿಂದಕ್ಕೆ, ಎರಡು ಇಂಚು ಮೇಲಕ್ಕೆ ಹೋದರೆ ಸೊಂಟಕ್ಕೆ ಹಿತವಾಗಿದೆ. ಹಾಗಾದರೆ ಹಿಂದಿನವರ ಫುಟ್‌ರೆಸ್ಟ್ ಅಲ್ಲಿಯೇ ಉಳಿಯುತ್ತದೆ, ಅಮ್ಮನನ್ನು ಕೂರಿಸಿಕೊಂಡು ಹೋಗಲು ತೊಂದರೆಯಿಲ್ಲ. ಬ್ರಾಕೆಟ್ಟಿಗೆ 8 ಮಿ.ಮೀ. ಉಕ್ಕಿನ ಪ್ಲೇಟ್ ಸಾಕಾಗುತ್ತದೆಯೇ?

ಉತ್ತರ 1 ಬರೆದವರಿಂದ

ಅಮ್ಮ ಕೂರುವ ಗಾಡಿ ಎಂದಮೇಲೆ ನೀವು ಆರಿಸಿದ ಜಾಗವೇ ಸರಿ. 8 ಮಿ.ಮೀ. ಸಾಕು, ಆದರೆ ಒಂದೇ ಬೋಲ್ಟಿನಲ್ಲಿ ನಿಲ್ಲಿಸಬೇಡಿ. ಎದ್ದು ನಿಂತು ಒತ್ತಿದಾಗ ಪ್ಲೇಟ್ ತಿರುಗದಂತೆ ಕನಿಷ್ಠ ಎರಡು ಕಡೆ ಹಿಡಿದಿರಬೇಕು. ಉಕ್ಕನ್ನು ಕತ್ತರಿಸುವ ಮೊದಲು ದಪ್ಪ ರಟ್ಟಿನಲ್ಲಿ ಅಳತೆ ತೆಗೆದು, ಎಡಗಡೆಯ ಪ್ರೈಮರಿ ಚೈನ್ ಕೇಸಿನ ಮುಚ್ಚಳ ಅದರ ಹಿಂದಿನಿಂದ ಹೊರಬರುತ್ತದೆಯೇ ನೋಡಿ, ಇಲ್ಲವಾದರೆ ಕ್ಲಚ್ ಪ್ಲೇಟ್ ನೋಡಬೇಕಾದಾಗಲೆಲ್ಲ ಬ್ರಾಕೆಟ್ ಬಿಚ್ಚಬೇಕಾದೀತು. ನಟ್‌ಗಳೆಲ್ಲ ನೈಲಾಕ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವವು) ಇರಲಿ. ಈ ಎಂಜಿನ್ನಿನ ನಡುಕಕ್ಕೆ ಬರೀ ಸ್ಪ್ರಿಂಗ್ ವಾಷರ್ ನಿಲ್ಲುವುದಿಲ್ಲ. ಮೊದಲ 100 ಕಿ.ಮೀ. ಆದ ಮೇಲೊಮ್ಮೆ, 500 ಆದ ಮೇಲೊಮ್ಮೆ ಸ್ಪ್ಯಾನರ್ ಹಿಡಿದು ಎಲ್ಲವನ್ನೂ ನೋಡಿ. ಬಿಚ್ಚಿದ ಹಳೆಯ ಫುಟ್‌ರೆಸ್ಟ್, ಪೆಡಲ್ ಮತ್ತು ರಾಡನ್ನು ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಳ್ಳಿ.